ಎಂಟು ಗಂಟೆಯ ಗುಳಿಗೆ

ಅತ್ತೆಗೂ ಸೊಸೆಗೂ ಮಾತಿನಲ್ಲಿ ಒಂದು ದಿನವೂ ಸರಿಬಂದದ್ದಿಲ್ಲ. ಅತ್ತೆ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಊದಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಡ್ರಿಲ್ ಟೀಚರ್. ನಿವೃತ್ತಿಯಾದ ಮೇಲೆ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಮನೆಯಲ್ಲಿ ಸಿಕ್ಕವಳು ಸೊಸೆ ಒಬ್ಬಳೇ. ಸೊಸೆಯೇನು ಕಡಿಮೆಯವಳೇ? ನಗರದ ಬಸ್ಸು ಓಡಿಸುವವಳು, ಎದುರಿಗೆ ಬಂದ ಲಾರಿಗೂ ದಾರಿ ಬಿಡದವಳು. ಇವರಿಬ್ಬರ ನಡುವೆ ಸಿಕ್ಕಿಕೊಂಡ ಗಂಡನೆಂಬ ಪ್ರಾಣಿ ತಾನಾಗಿಯೇ ಕೇಳಿಕೊಂಡು ಪ್ರೆಸ್ಸಿನಲ್ಲಿ ಸಂಜೆಯ ಪಾಳಿ ಹಾಕಿಸಿಕೊಂಡಿದ್ದಾನೆ ಎಂದು ಅಕ್ಕಪಕ್ಕದವರು ಮುಸಿಮುಸಿ ನಗುತ್ತಿದ್ದರು.

ಅಂಥ ಅತ್ತೆಯ ಲಿವರ್ ಕೈಕೊಟ್ಟಿತು. ಮಗನ ರಕ್ತದ ಗುಂಪು ಹೊಂದಲಿಲ್ಲ, ಸೊಸೆಯದು ಹೊಂದಿತು. "ಇದೊಂದರಲ್ಲಾದ್ರೂ ನಮಗಿಬ್ಬರಿಗೂ ಹೊಂದಿತಲ್ಲ ಅತ್ತೆ," ಎಂದು ನಕ್ಕು ಅವಳು ಆಪರೇಷನ್ ಮೇಜಿನ ಮೇಲೆ ಮಲಗಿದಳು. ಅರ್ಧಕ್ಕಿಂತ ಹೆಚ್ಚನ್ನೇ ಅವಳಿಂದ ತೆಗೆದು ಅತ್ತೆಗೆ ಜೋಡಿಸಿದರು. ಕೆಲವೇ ತಿಂಗಳಲ್ಲಿ ಇವಳಲ್ಲಿ ಉಳಿದದ್ದು ಬೆಳೆದು ಮುಂಚಿನಷ್ಟೇ ಆಯಿತು, ಅಲ್ಲಿಗೆ ಹೋದದ್ದೂ ಬೆಳೆದು ತುಂಬಿಕೊಂಡಿತು. ಕೊಟ್ಟವಳಿಗೂ ಕಡಿಮೆಯಿಲ್ಲ, ಪಡೆದವಳಿಗೂ ಕಡಿಮೆಯಿಲ್ಲ. ಇದೆಂಥ ಲೆಕ್ಕ? ಸಿಗ್ನಲ್ಲಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಕೂತಾಗ ನೆನಪಾದರೆ ಸೊಸೆಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಆಮೇಲೆ ಶುರುವಾದದ್ದು ಗುಳಿಗೆಗಳ ಕಾಟ. ಹೊಸ ಲಿವರನ್ನು ಮೈ ಒದ್ದೋಡಿಸದಂತೆ ತಡೆಯುವ ಗುಳಿಗೆ ಬೆಳಗ್ಗೆ ಎಂಟಕ್ಕೊಂದು ಸಲ, ರಾತ್ರಿ ಎಂಟಕ್ಕೊಂದು ಸಲ. ಅದೂ ಖಾಲಿ ಹೊಟ್ಟೆಯಲ್ಲಿ. ನುಂಗಿದ ಮೇಲೆ ಒಂದು ಗಂಟೆ ತುತ್ತು ಮುಟ್ಟುವಂತಿಲ್ಲ. ಬೆಳಗಿನದು ಹೇಗೋ ನಡೆದುಹೋಗುತ್ತಿತ್ತು. ರಾತ್ರಿಯದೇ ತಾಪತ್ರಯ. ಸೊಸೆ ಡಿಪೋದಿಂದ ಮನೆಗೆ ಬಂದು ಬೀಳುವುದೂ ಎಂಟಕ್ಕೇ, ಹೊಟ್ಟೆ ತಾಳ ಹಾಕುವ ಹೊತ್ತಿಗೇ. ಅತ್ತೆಯನ್ನು ಬಿಟ್ಟು ಒಬ್ಬಳೇ ಕೂತು ತಿನ್ನುವ ಅಭ್ಯಾಸ ಅವಳಿಗಿಲ್ಲ. ಬೈದರೂ ಇಲ್ಲ, ಗದರಿದರೂ ಇಲ್ಲ. ಗೋಡೆಗೊರಗಿ ತೂಕಡಿಸುತ್ತ ಒಂಬತ್ತಾಗುವುದನ್ನೇ ಕಾಯುತ್ತಿದ್ದಳು.

ಈಚೆಗೆ ಅದೂ ತಪ್ಪಿತ್ತು. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಎರಡು ತಟ್ಟೆ ಮೇಜಿನ ಮೇಲಿರುತ್ತಿದ್ದವು. "ಗುಳಿಗೆ ಏಳಕ್ಕೇ ನುಂಗಿದೀನಿ. ಕೈ ತೊಳ್ಕೊಂಡು ಬಾ," ಎನ್ನುತ್ತಿದ್ದರು ಅತ್ತೆ. ಸದ್ಯ ಬದುಕಿದೆ ಎಂದುಕೊಂಡು ಸೊಸೆ ತಟ್ಟೆಗೆ ಕೈಹಾಕುತ್ತಿದ್ದಳು.

ಈ ಸಲದ ರಕ್ತಪರೀಕ್ಷೆಯಲ್ಲಿ ಎಲ್ಲ ತಲೆಕೆಳಗಾಗಿತ್ತು. ಡಾಕ್ಟರಮ್ಮ ರಿಪೋರ್ಟನ್ನು ಎರಡು ಸಲ ನೋಡಿದರು.

"ಅಮ್ಮ, ಗುಳಿಗೆ ಏನಾದ್ರೂ ಬಿಟ್ಟಿದ್ದೀರಾ?"

"ನಾನಾ? ಬೆಲ್ಲು ಹೊಡೆದಂಗೆ ಬದುಕಿದೋಳು ನಾನು!"

ಡಾಕ್ಟರಮ್ಮ ವಾದಕ್ಕಿಳಿಯಲಿಲ್ಲ. ಸ್ಕ್ಯಾನಿಂಗ್ ಕೋಣೆಗೆ ಕರೆದೊಯ್ದು ಅತ್ತೆಯನ್ನು ಮಲಗಿಸಿ, ಬಲಗಡೆ ಪಕ್ಕೆಯ ಕೆಳಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಹಿಡಿಯನ್ನು ಒತ್ತಿದರು. ಪರದೆಯ ಮೇಲೆ ಬೂದು ಬಣ್ಣದ್ದೇನೋ ಅಲುಗಿತು. ಒಂದು ಗುಂಡಿ ಅದುಮಿದರು. ಆ ಬೂದು ಬಣ್ಣದ ನಡುವೆ ಕೆಂಪು, ನೀಲಿ ಹೊಳೆಗಳು ಮಿಡಿಯುತ್ತ ಹರಿಯತೊಡಗಿದವು.

"ನೋಡಿ," ಎಂದರು ಸೊಸೆಯ ಕಡೆ ತಿರುಗಿ, "ಇದು ನಿಮ್ಮದು."

ಸೊಸೆ ಪರದೆಯ ಹತ್ತಿರಕ್ಕೆ ಬಗ್ಗಿದಳು. ತಾನು ಇಲ್ಲಿ ನಿಂತಿದ್ದಾಳೆ, ತನ್ನದೊಂದು ಭಾಗ ಅಲ್ಲಿ ಮಲಗಿದವರೊಳಗೆ ಕೂತು ಒಂದು ಕ್ಷಣವೂ ಬಿಡದೆ ದುಡಿಯುತ್ತಿದೆ. ತಾನು ನಿದ್ದೆ ಮಾಡುವಾಗಲೂ, ಅತ್ತೆಯ ಮೇಲೆ ಸಿಟ್ಟುಮಾಡಿಕೊಂಡು ಮುಖ ಊದಿಸಿಕೊಂಡಾಗಲೂ! ಕೈ ಮುಗಿಯಬೇಕೆನ್ನಿಸಿತು. ಯಾರಿಗೆ ಮುಗಿಯುವುದೆಂದು ತಿಳಿಯಲಿಲ್ಲ.

"ಆದ್ರೆ ಈಗ ಅಮ್ಮನ ಮೈ ಇದರ ಮೇಲೆ ತಿರುಗಿಬಿದ್ದಿರೋ ಹಾಗಿದೆ," ಡಾಕ್ಟರಮ್ಮ ಮೆಲ್ಲಗೆ ಹೇಳಿದರು. "ಹೀಗೇ ಬಿಟ್ರೆ ಇದನ್ನ ಕಳ್ಕೋತೀವಿ."

ಮಲಗಿದ್ದ ಅತ್ತೆ ಪರದೆಯನ್ನೇ ನೋಡುತ್ತಿದ್ದರು. ಜೀವಮಾನವೆಲ್ಲ ಗದರಿದ ಗಂಟಲು ಸಣ್ಣದಾಯಿತು.

"ಅದು ಇವಳದ್ದಲ್ವಾ ಡಾಕ್ಟ್ರೇ. ಒಂದೊಂದಿನ ಗುಳಿಗೆ ತಪ್ಪಿದ್ರೂ ಅದು ನನ್ನ ಕೈಬಿಡಲ್ಲ ಅಂದ್ಕೊಂಡಿದ್ದೆ."

"ಅದು ಕೈಬಿಡಲ್ಲ ಅಮ್ಮ. ನಿಮ್ಮ ಮೈಯೇ ಅದನ್ನ ಇರೋಕೆ ಬಿಡಲ್ಲ. ಎಷ್ಟು ವರ್ಷ ಆದ್ರೂ ಇದು ಹೊರಗಿನದು ಅನ್ನೋದನ್ನ ಮೈ ಮರೆಯಲ್ಲ. ಅದರ ಕಾವಲುಗಾರರನ್ನ ಸುಮ್ಮನಿರಿಸೋದು ಆ ಗುಳಿಗೆ ಒಂದೇ."

ಕಡಲೆಕಾಳಿನಷ್ಟು ಗುಳಿಗೆ! ಅದು ಇಡೀ ಮೈಯ ಹಟವನ್ನು ತಡೆಹಿಡಿದಿದೆ ಎಂದರೆ ಸೊಸೆಗೆ ನಂಬುವುದೇ ಕಷ್ಟವಾಯಿತು.

"ಯಾಕತ್ತೆ ಬಿಟ್ರಿ?" ಸೊಸೆ ಮಂಚದ ಅಂಚಿಗೆ ಬಂದು ನಿಂತಳು. "ಏಳಕ್ಕೇ ನುಂಗಿದೆ ಅಂತಿದ್ರಲ್ಲ?"

"ಮತ್ತಿನ್ನೇನು ಹೇಳ್ಲಿ? ಬೆಳಗಿಂದ ಸ್ಟೀರಿಂಗ್ ತಿರುಗಿಸಿ ಸುಸ್ತಾಗಿ ಬರ್ತೀಯ. ನಾನು ತಿನ್ನದೆ ನೀನು ತಿನ್ನಲ್ಲ. ಗೋಡೆಗೆ ತಲೆ ಆನಿಸ್ಕೊಂಡು ಕೂತಿರ್ತೀಯ, ಬಾಲವಾಡಿ ಮಗು ಥರ. ನೋಡೋಕಾಗ್ತಿರ್ಲಿಲ್ಲ ಕಣೇ." ಅತ್ತೆ ಮುಖ ತಿರುಗಿಸಿದರು. "ಎಂಟರ ಗುಳಿಗೆ ಏಳಕ್ಕೆ ನುಂಗೋ ಹಾಗಿಲ್ಲ ಅಂದ್ಕೊಂಡು ಎಷ್ಟೋ ರಾತ್ರಿ ಬಿಟ್ಟೇಬಿಟ್ಟೆ."

ಸೊಸೆಯ ಬಾಯಿಗೆ ಬೈಗುಳ ಬಂತು, ಅಳು ಅದಕ್ಕಿಂತ ಮುಂಚೆ ಬಂತು. ತನ್ನ ಒಂದು ಗಂಟೆಯ ಹಸಿವಿಗೋಸ್ಕರ ಈ ಮುದುಕಿ ಜೀವವನ್ನೇ ಪಣಕ್ಕಿಟ್ಟಿದ್ದಳು.

ಅತ್ತೆಯನ್ನು ಅವತ್ತೇ ಆಸ್ಪತ್ರೆಗೆ ಸೇರಿಸಿಕೊಂಡರು. ಸೂಜಿಯಲ್ಲಿ ಲಿವರಿನ ಚೂರು ತೆಗೆದು ನೋಡಿದರು, ಡ್ರಿಪ್ಪಿನಲ್ಲಿ ಜೋರಾದ ಔಷಧಿ ಏರಿಸಿದರು. ಸೊಸೆ ರಜೆ ಹಾಕಿ ಮಂಚದ ಪಕ್ಕದ ಸ್ಟೂಲು ಬಿಟ್ಟೇಳಲಿಲ್ಲ. ದಿನದಿನಕ್ಕೆ ರಿಪೋರ್ಟಿನಲ್ಲಿ ಏರಿದ್ದ ಅಂಕಿಗಳು ಇಳಿದವು. ಆ ಲಿವರ್ ಮತ್ತೆ ಚೇತರಿಸಿಕೊಂಡಿತು. ಅಷ್ಟು ಒದೆ ತಿಂದೂ ಕೆಲಸ ನಿಲ್ಲಿಸಿರಲಿಲ್ಲ ಅದು.

ಮನೆಗೆ ಕಳಿಸಿದ ಮೇಲೆ, ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮ ಹೊಸ ಚೀಟಿ ಬರೆದರು.

"ತಪ್ಪು ನಂದೂ ಇದೆ. ಎಲ್ಲ ಕೇಳಿದೆ, ನಿಮ್ಮನೇಲಿ ಊಟ ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳ್ಲಿಲ್ಲ. ಇದು ಅದೇ ಔಷಧಿ, ಆದ್ರೆ ದಿನವಿಡೀ ನಿಧಾನವಾಗಿ ಕರಗೋ ಥರದ್ದು. ಬೆಳಗ್ಗೆ ಎದ್ದ ಕೂಡಲೇ ಒಂದೇ ಸಲ, ಖಾಲಿ ಹೊಟ್ಟೇಲಿ. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ. ರಕ್ತ ಪರೀಕ್ಷೆ ಮಾಡಿಸ್ತಾ ಇರ್ಬೇಕು."

ಅತ್ತೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮತ್ತೆ ರಾತ್ರಿಗೆ?"

"ರಾತ್ರಿಗೆ ಊಟ," ಎಂದರು ಡಾಕ್ಟರಮ್ಮ.

ಆಮೇಲಿನ ಪರೀಕ್ಷೆಗಳಲ್ಲಿ ಔಷಧಿ ರಕ್ತದಲ್ಲಿ ಎಷ್ಟಿರಬೇಕೋ ಅಷ್ಟೇ ಇತ್ತು. ಈಗ ಬೆಳಗ್ಗೆ ಸೊಸೆ ಎದುರಿಗೆ ನಿಂತು ನುಂಗಿಸುತ್ತಾಳೆ. ಬಾಯಿ ತೆರೆಸಿ ನಾಲಗೆ ಎತ್ತಿಸಿ ನೋಡುತ್ತಾಳೆ. ಡ್ರಿಲ್ ಟೀಚರು ಗೊಣಗುತ್ತ ಬಾಯಿ ತೆರೆಯುತ್ತಾರೆ.

ಒಂದು ರಾತ್ರಿ ಎಂಟಕ್ಕೆ ಎರಡು ತಟ್ಟೆಗಳಿಂದಲೂ ಹಬೆ ಏಳುತ್ತಿತ್ತು. ಅತ್ತೆ ಮೊದಲ ತುತ್ತು ಬಾಯಿಗಿಟ್ಟು ಮುಖ ಕಿವಿಚಿದರು.

"ಅಡುಗೆ ಮಾಡಿಟ್ಟು ಹೋಗು ಅಂದ್ರೆ ಇದಾ? ಉಪ್ಪಿನ ಡಬ್ಬೀನೇ ಮಗುಚಿದೀಯಲ್ಲೇ!"

ಸೊಸೆಯೂ ತುತ್ತು ಕಲಸಿದಳು. ಆ ಬೈಗುಳಕ್ಕೆ ಬೇಕಾದ ಶಕ್ತಿಯನ್ನು ಅಲ್ಲಿ ಒಳಗೆ ಕೂತು ಒದಗಿಸುತ್ತಿರುವುದು ತನ್ನದೇ ಒಂದು ತುಂಡು ಎಂಬುದು ಹೊಳೆದು, ತುತ್ತು ಕೈಯಲ್ಲೇ ಉಳಿದು, ಕಣ್ಣರಳಿಸಿ ಅತ್ತೆಯನ್ನೇ ನೋಡುತ್ತ ಕೂತಳು.

"ಏನು ಹಾಗೆ ನೋಡ್ತೀಯ? ತಿನ್ನು. ಹಸಿದಿದೀಯ."