ಪುಟಸಂಖ್ಯೆ ಬೇಡವೆಂದವನು

ಅದು ತನ್ನ ಪುಸ್ತಕದ ಕೊನೆಯ ಸಾಲಲ್ಲ ಎಂದು ಪ್ರಾಧ್ಯಾಪಕನಿಗೆ ಹೊಳೆಯುವಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು. ಪುಸ್ತಕದ ಬಿಡುಗಡೆಗೆಂದು ಕಾಲೇಜಿನ ಸಭಾಂಗಣದಲ್ಲಿ ಇದ್ದವರು ಮೂವತ್ತೇಳು ಜನ. ಸದ್ದು ಮೂರು ಸಾವಿರ ಜನರದು. ಕಿಟಕಿಯ ಗಾಜುಗಳು ಈಗಲೂ ಒಂದಿಷ್ಟು ನಡುಗುತ್ತಿವೆಯಂತೆ.

ವಿಭಾಗದ ಮುಖ್ಯಸ್ಥರು 'ಕೃತಿ ಹೀಗೆ ಮುಗಿಯುತ್ತದೆ' ಎಂದು ಒಂದು ಸಾಲು ಓದಿ ಗದ್ಗದಿತರಾದರು. ಆಮೇಲೆ ಬಂದ ವಿಮರ್ಶಕರೂ 'ಹೀಗೆ ಮುಗಿಯುತ್ತದೆ' ಎಂದು ಇನ್ನೊಂದು ಸಾಲು ಓದಿದರು. ಮೂರನೆಯವರು ಓದಿದ್ದು ಅಡಿಟಿಪ್ಪಣಿಯೊಂದರ ಅರ್ಧ. ಅದಕ್ಕೇ ಹೆಚ್ಚು ಚಪ್ಪಾಳೆ. ಒಬ್ಬರ ಹುಬ್ಬೂ ಮೇಲೇರಲಿಲ್ಲ. ಪ್ರಾಧ್ಯಾಪಕ ಮೆಲ್ಲಗೆ ತನ್ನ ಪ್ರತಿಯ ಕೊನೆಯ ಹಾಳೆ ತಿರುವಿದ. ಅಲ್ಲಿ ನಾಲ್ಕನೆಯದೊಂದು ಕೊನೆ ಕೂತಿತ್ತು.

ಮನುಷ್ಯನೊಳಗೆ ತಿರುಳೆಂಬುದಿಲ್ಲ, ಇರುವುದೆಲ್ಲ ಚೂರು, ಚೂರುಗಳಿಗೆ ಕ್ರಮವೆಂಬುದಿಲ್ಲ ಎಂದು ಸಾಧಿಸಲು ಅವನಿಗೆ ಹನ್ನೊಂದು ವರ್ಷ ಹಿಡಿದಿತ್ತು. ಆ ಹನ್ನೊಂದು ವರ್ಷವೂ ಒಂದು ಆಸೆಯನ್ನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡಿದ್ದ: ಒಬ್ಬರಾದರೂ ಮೊದಲಿನಿಂದ ಕೊನೆಯವರೆಗೆ ಓದಿ, 'ಇದು ನೀನೇ' ಅನ್ನಬೇಕು.

"ಅಷ್ಟು ಹೊಗಳಿದ್ರಲ್ಲ, ಮುಖ ಯಾಕೆ ಹಾಗಿದೆ?" ಎಂದಳು ಹೆಂಡತಿ, ಮೆಟ್ಟಿಲಿಳಿಯುತ್ತ.

"ಮೂರು ಜನ ಮೂರು ಕೊನೆ ಓದಿದ್ರು."

"ನಿಮ್ಮ ಪುಸ್ತಕ ಅಲ್ವಾ. ಹಾಗೇ ಇರ್ಬೇಕು ಅಂದ್ಕೊಂಡೆ."

"ನೀನು ಓದಿದೀಯಾ?"

"ಮುಖಪುಟದ ಬಣ್ಣ ಚೆನ್ನಾಗಿ ಬಂದಿದೆ. ಊಟಕ್ಕೆ ಬರ್ತೀರೋ ಇಲ್ವೋ?"

ಅವನು ಊಟಕ್ಕೆ ಹೋಗಲಿಲ್ಲ. ಎರಡು ಬೀದಿ ಆಚೆಯ ಬೈಂಡಿಂಗ್ ಅಂಗಡಿಗೆ ನುಗ್ಗಿದ. ಆ ನಡಿಗೆಗೆ ಬೀದಿಯ ಸೈಕಲ್ಲುಗಳೆಲ್ಲ ಪಕ್ಕಕ್ಕೆ ಸರಿದುವು. ಅಂಟಿನ ವಾಸನೆಯ ಆ ಕೋಣೆಯಲ್ಲಿ ಬೈಂಡರಕ್ಕ, ಅವಳ ನಾದಿನಿ, ಚಿಕ್ಕಮ್ಮ, ಮೂವರೂ ನೆಲದ ಮೇಲೆ ಕೂತು ಹೊಲಿಯುತ್ತಿದ್ದರು.

"ಅಕ್ಕ, ನನ್ನ ಫಾರಂಗಳನ್ನ ಹೇಗೆ ಜೋಡಿಸಿದ್ರಿ?"

ಹದಿನಾರು ಪುಟದ ಒಂದು ಮಡಿಕೆಯೆಂದರೆ ಒಂದು ಫಾರಂ. ಅವನ ಪುಸ್ತಕಕ್ಕೆ ಅಂಥವು ಹದಿಮೂರು.

"ನಂಬರ್ ಬೇಡ ಅಂದೋರು ನೀವೇ ಅಲ್ವಾ ಸಾರ್? ಪುಟಕ್ಕೂ ಬೇಡ, ಫಾರಂಗೂ ಬೇಡ."

ನಿಜ. ಚೂರುಗಳಿಗೆ ಸಂಖ್ಯೆ ಹಚ್ಚುವುದು ದಬ್ಬಾಳಿಕೆ ಎಂದು ಅವನು ಪ್ರೆಸ್ಸಿನಲ್ಲಿ ಎರಡು ಗಂಟೆ ಮಾತಾಡಿದ್ದ. ಬೇಸತ್ತ ಯಂತ್ರಗಳು ತಾವಾಗಿಯೇ ನಿಂತಿದ್ದವು. ಜೋಡಿಸುವವರಿಗೆ ಒಂದು ಮಾದರಿ ಪ್ರತಿ ಕೊಡಬೇಕು ಎಂಬುದು ಮಾತ್ರ ಆ ಮಹಾ ತಲೆಗೆ ಹೊಳೆದಿರಲಿಲ್ಲ.

"ವಾಕ್ಯ ನೋಡಿ ಜೋಡಿಸಬಹುದಿತ್ತಲ್ಲ."

"ನೋಡಿದ್ವಿ. ನಿಮ್ಮ ಅರ್ಧ ವಾಕ್ಯಕ್ಕೆ ಯಾವ ಅರ್ಧ ಇಟ್ರೂ ಕೂಡ್ಕೊಳ್ತು ಸಾರ್."

"ಅಂದ್ರೆ... ಓದಿದ್ರಾ?"

"ಓದದೆ ಹೇಗೆ? ನಾಲ್ಕು ದಿನ ಮೂರೂ ಜನ ಕೂತು ಓದಿದ್ವಿ. ನಾನಿಟ್ಟಿದ್ದನ್ನ ಇವಳು ಒಪ್ಪಲಿಲ್ಲ, ಇವಳದ್ದು ಚಿಕ್ಕಮ್ಮ ಒಪ್ಪಲಿಲ್ಲ. ಅವರವರ ರಾಶಿ ಅವರವರ ಇಷ್ಟ, ದಿನಕ್ಕೊಂದು ಥರ ಅಂತ ಬಿಟ್ವಿ."

"ಅತ್ತಿಗೆ ಜೋಡಿಸಿದ್ರಲ್ಲಿ ಆ ಮನುಷ್ಯ ಕೊನೆಗೆ ಮನೆಗೇ ಹೋಗಲ್ಲ," ಎಂದಳು ನಾದಿನಿ, ಹಲ್ಲಿನಿಂದ ದಾರ ಕತ್ತರಿಸುತ್ತ. "ಹಾಗೆ ಬೀದೀಲಿ ಬಿಡಕ್ಕಾಗುತ್ತಾ?"

"ಯಾವ ಮನುಷ್ಯ?"

"ಪುಸ್ತಕದೋನು. ಪಾಪ, ನಾನಿಲ್ಲ ನಾನಿಲ್ಲ ಅಂತ ಇನ್ನೂರು ಪುಟ ಕೂಗ್ತಾನಲ್ಲ, ಅವನು."

ಪ್ರಾಧ್ಯಾಪಕ ಸಿಟ್ಟಿಗಾಗಿ ತನ್ನೊಳಗೆಲ್ಲ ತಡಕಾಡಿದ. ಸಿಕ್ಕಿದ್ದು ನಗು. ಹೊಟ್ಟೆಯಲ್ಲಿ ಎಲ್ಲೋ ಹುಟ್ಟಿ, ಅಂಗಿಯ ಎರಡು ಗುಂಡಿಗಳನ್ನು ಹಾರಿಸಿ ಹೊರಬಂತು. ಒಬ್ಬರಲ್ಲ, ಮೂವರು ಓದಿದ್ದರು. ಅವನಿಗಾಗಿ ಜಗಳವನ್ನೂ ಆಡಿದ್ದರು. ಅವನು ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತ.

"ಇನ್ನೂರು ಪ್ರತಿ ಉಳಿದಿವೆ. ಸರಿಯಾದ್ದು ನೀವೇ ಹಾಕ್ಕೊಡಿ, ಹಾಗೇ ಹೊಲೀತೀವಿ," ಎಂದು ಬೈಂಡರಕ್ಕ ಹದಿಮೂರು ಫಾರಂಗಳನ್ನು ಅವನ ಮುಂದೆ ಹರಡಿದಳು.

ಅವನು ಒಂದನ್ನೆತ್ತಿ ಮೊದಲಿಗಿಟ್ಟ. ಮತ್ತೊಂದು ಅದಕ್ಕಿಂತ ಮೊದಲಿನದೆನಿಸಿತು. ಏಳನೆಯದು ಎರಡನೆಯದಾಯಿತು, ಎರಡನೆಯದು ಎಲ್ಲಿಗೂ ಸಲ್ಲಲಿಲ್ಲ. ಹನ್ನೊಂದು ವರ್ಷ ತಾನು ಅಂದುಕೊಂಡಿದ್ದ ಆ ಕ್ರಮ ಯಾವುದು? ನೆನಪಾಗಲಿಲ್ಲ. ಎಲ್ಲವೂ ಎಲ್ಲದಕ್ಕೂ ಚಂದವಾಗಿ ಕೂಡಿಕೊಳ್ಳುತ್ತಿತ್ತು.

"ನಿಮಗೂ ಗೊತ್ತಾಗಲ್ವಾ ಸಾರ್?" ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವನೂ ನಕ್ಕ. ನಾಲ್ವರ ನಗುವಿಗೆ ಚಾವಣಿಯ ಫ್ಯಾನು ದಿಕ್ಕು ತಪ್ಪಿ ತಿರುಗಿತು.

"ಇದೊಂದಿದೆ ನೋಡಿ," ಎಂದು ಬೈಂಡರಕ್ಕ ರಾಶಿಯಡಿಯಿಂದ ಇನ್ನೊಂದು ಮಡಿಕೆ ಎಳೆದಳು. ಯಂತ್ರದಲ್ಲಿ ಮೂರು ಹಾಳೆ ಒಟ್ಟಿಗೆ ಹೋಗಿ, ನಡುವಿನದು ಶಾಯಿ ತಾಗದೆ ಬಂದದ್ದು. ಹದಿನಾರು ಪುಟವೂ ಬೆಳ್ಳಗೆ. "ಇದನ್ನ ಎಲ್ಲಿಟ್ರೂ ಯಾರೂ ಜಗಳ ಆಡಲ್ಲ."

ಅವನು ಅದನ್ನೇ ಮೊದಲಿಗಿಟ್ಟ. ಮೂವರೂ ತಲೆಯಾಡಿಸಿದರು, ಆ ಕೋಣೆಯಲ್ಲಿ ಅಂಥ ಒಮ್ಮತ ಅದೇ ಮೊದಲು.

"ಎಲ್ಲಿ, ಓದಿ ಸಾರ್. ಹೊಂದುತ್ತಾ ಕೇಳೋಣ," ಎಂದಳು ನಾದಿನಿ, ತಮಾಷೆಗೆ.

ಪ್ರಾಧ್ಯಾಪಕ ಕನ್ನಡಕ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ಓದತೊಡಗಿದ. ಎಲ್ಲೂ ತಡವರಿಸಲಿಲ್ಲ. ಸಭಾಂಗಣದಲ್ಲಿ ಇಲ್ಲದ ತುಂಬು ದನಿ. ಸೂಜಿಗಳು ನಿಂತುವು, ಅಂಟಿನ ಬಟ್ಟಲಲ್ಲಿ ಅದ್ದಿದ ಕುಂಚ ಹಾಗೇ ಉಳಿಯಿತು. ಮೂವರೂ ಒಂದೊಂದು ಮೊಣಕಾಲು ಅಪ್ಪಿಕೊಂಡು ಕೇಳುತ್ತಿದ್ದರು. ಒಂದು ಕಡೆ ಮುಗಿಯಿತು. ಬೆರಳಿಗೆ ಎಂಜಲು ಹಚ್ಚಿ ಅವನು ಹಾಳೆ ಮಗುಚಿದ. ಆ ಬದಿಯೂ ಬೆಳ್ಳಗಿತ್ತು. ಅವನು ನಗುನಗುತ್ತ ಮುಂದೆ ಓದಿದ.