ಅಳ್ಳಿನೆ

ಪುಟ್ಟಗಂಗಮ್ಮನಿಗೆ ಭಾಷೆ ಇರಲಿಲ್ಲ.

ಹಾಗಂತ ಊರೇ ಹೇಳುತ್ತಿತ್ತು. ಬುಟ್ಟಿ ಹೆಣೆಯುವವರ ಹಟ್ಟಿಯಲ್ಲಿ ಗಂಡ ಹೆಂಡಿರು ಆಡಿಕೊಳ್ಳುವುದು ಕಾಗೆಗದ್ದಲ ಎಂದು ಇಸ್ಕೂಲಿನ ಮೇಷ್ಟರು ತೀರ್ಮಾನಿಸಿದ್ದರು. ಕಳ್ಳರ ಗುಟ್ಟು ಎಂದು ಠಾಣೆಯವರು. ತೋಟದ ಯಜಮಾನ ಗಂಗಾಧರಯ್ಯನವರದು ಇನ್ನೂ ಸಲೀಸು: "ಹೊಟ್ಟೆ ಹಸ್ದಾಗ ಬರೋ ಸದ್ದು ಕಣ್ರೀ ಅದು. ಅದಕ್ಕೆಲ್ಲ ಅರ್ಥ ಇರಲ್ಲ."

ಆದರೆ ಈ ಇಲ್ಲದ ಭಾಷೆಯಲ್ಲೂ ಎರಡು ಬಗೆ ಇದ್ದವು. ಪುಟ್ಟಗಂಗಮ್ಮನ ತವರು ಚಿಕ್ಕನಾಯಕನಹಳ್ಳಿ ಸೀಮೆ, ಗಂಡ ದುರ್ಗಯ್ಯನದು ತುರುವೇಕೆರೆ ಸೀಮೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಭೂತಮ್ಮ ನೆರೆಮನೆಯವರ ಬುಟ್ಟಿಯೊಂದನ್ನು ತೋರಿಸಿ "ಅಳ್ಳು" ಅಂದಳು. ಅತ್ತೆಯ ಕಡೆ ಹಾಗೆಂದರೆ ಬುಟ್ಟಿಯ ಬಾಯಿಗೆ ಸುತ್ತುಕಟ್ಟು ಹಾಕು ಎಂದು. ಸೊಸೆಯ ಕಡೆ ಬಾಚಿಕೊಂಡು ಹೋಗು ಎಂದು. ಹೊಸ ಸೊಸೆ ಎರಡು ಯೋಚನೆ ಮಾಡದೆ ಬುಟ್ಟಿಯನ್ನು ಬಾಚಿ, ಸೆರಗಿನೊಳಗೆ ಮುಚ್ಚಿಕೊಂಡು ಓಡಿದಳು. ಇಡೀ ಹಟ್ಟಿ ಅಟ್ಟಿಸಿಕೊಂಡು ಬಂತು. ಆಮೇಲೆ ಗೊತ್ತಾಗಿ ಬಿದ್ದುಬಿದ್ದು ನಕ್ಕಿತು. ಅತ್ತೆ ಸತ್ತರೂ ಆ ನಗೆ ಸಾಯಲಿಲ್ಲ.

ಅದನ್ನು ಕೇಳಿ ಕುಣಿದಾಡಿದವರು ಮೈಸೂರಿನ ಪ್ರೊಫೆಸರು. ಅವರು ಯುಗಾದಿ ಕಳೆದ ಮೇಲೆ, ಹಟ್ಟಿಯ ಮಾತು ಹಿಡಿಯಲೆಂದು ಟೇಪ್ ರೆಕಾರ್ಡರ್ ಹೊತ್ತು ಹೊನ್ನವಳ್ಳಿ ಬಸ್ಸಿನಲ್ಲಿ ಬಂದಿಳಿದು, ಯಜಮಾನರ ಮನೆಯಲ್ಲೇ ಉಳಿದಿದ್ದರು. ಯಜಮಾನರು ಯಂತ್ರವನ್ನು ಸವರಿ, "ಮೊದ್ಲು ನಮ್ದೂ ಒಂಚೂರು ಹಿಡ್ಕೊಳಿ" ಎಂದು ಕ್ಯಾಸೆಟ್ಟಿನ ಒಂದು ಬದಿಯ ತುಂಬ ತಮ್ಮ ವಂಶದ ಎಂಟು ತಲೆಮಾರಿನ ಕಥೆ ಹೇಳಿದರು. ಇನ್ನೊಂದು ಬದಿ ಹಟ್ಟಿಗೆ ಉಳಿಯಿತು.

ದುರ್ಗಯ್ಯ, ಪುಟ್ಟಗಂಗಮ್ಮ ಜಗಲಿ ಹತ್ತುವಂತಿರಲಿಲ್ಲ. ಹಾಗಾಗಿ ಪ್ರೊಫೆಸರು ಮೇಲೆಯೇ ಕುಳಿತು ಮೈಕನ್ನು ಮಾತ್ರ ಅಂಗಳಕ್ಕೆ ಇಳಿಬಿಟ್ಟರು.

"ಮೆಕ್ಸಿಕೋ ಅಂತ ಒಂದು ದೇಶ ಇದೆ ಕಣಮ್ಮ. ನಾನು ಅಲ್ಲಿಗೆ ಹೋಗಿದ್ದೆ. ನಾವಾತ್ಲ್ ಅನ್ನೋ ಭಾಷೆ ಆಡ್ತಾರೆ. ಬೆಟ್ಟದ ಒಂದು ಕಡೆಯವರು ಮಾತಿನ ತುದೀಲಿ 'ತ್ಲ್' ಅಂದ್ರೆ, ಇನ್ನೊಂದು ಕಡೆಯವರು ಬರೀ 'ತ್' ಅಂತಾರೆ, ಮತ್ತೊಂದು ಕಡೆ 'ಲ್'. ಥೇಟ್ ನಿಮ್ಮ ಹಾಗೆ. ಒಂದು ಕಾಲಕ್ಕೆ ರಾಜರು ಆಡ್ತಿದ್ದ ಮಾತು. ಟೊಮ್ಯಾಟೋ ಅಂತೀವಲ್ಲ, ಆ ಹೆಸರೇ ಅವರದು. ಈಗ ಪೇಟೆ ಜನ ಅದು ಭಾಷೆನೇ ಅಲ್ಲ ಅಂತಾರೆ."

ಪುಟ್ಟಗಂಗಮ್ಮ ಕೇಳಿದಳು: "ಅವ್ರೂ ಬುಟ್ಟಿ ಎಣೀತಾರಾ ಸ್ವಾಮಿ?"

"ಹೆಣೀತಾರಮ್ಮ, ಚೆನ್ನಾಗಿ ಹೆಣೀತಾರೆ."

"ಅಂಗಾದ್ರೆ ಅಲ್ಲೂ ಪೋಲೀಸ್ರು ಅವ್ರೆ ಬುಡಿ."

ಪ್ರೊಫೆಸರು ನಕ್ಕರು. ಆಮೇಲೆ ದುರ್ಗಯ್ಯನಿಗೆ, ನಿನ್ನೆ ಏನು ಕೆಲಸ ಮಾಡಿದೆ, ನಿಮ್ಮ ಮಾತಿನಲ್ಲೇ ಹೇಳು ಅಂದರು. ನಿನ್ನೆ ಅವನು ಯಜಮಾನರ ಕೊಬ್ಬರಿ ಅಟ್ಟದಲ್ಲಿ ಬಾಯಿ ಬಿಚ್ಚಿಹೋಗಿದ್ದ ಬುಟ್ಟಿಗಳಿಗೆ ಕಟ್ಟು ಹಾಕಿದ್ದ. "ಯಜಮಾನ ಅಟ್ಟತ್ತು ಬುಟ್ಟಿಯೆಲ್ಲ ಅಳ್ಳಿನೆ" ಎಂದ. ಪುಟ್ಟಗಂಗಮ್ಮನಿಗೆ ತಡೆಯಲಾಗಲಿಲ್ಲ. ಅವಳ ನಗುವೂ ಟೇಪಿನೊಳಕ್ಕೆ ಹೋಯಿತು.

ಕೆಲಸ ಮುಗಿದ ಮೇಲೆ ಯಜಮಾನಿತಿ ಚೊಂಬು ಹಿಡಿದು ಬಂದು ಮೈಕಿಗೆ ನೀರು ಚಿಮುಕಿಸಲು ಹೋದಳು. ಪ್ರೊಫೆಸರು ಹೌಹಾರಿ ಅದನ್ನು ಎದೆಗವಚಿಕೊಂಡರು. ಯಜಮಾನರು ನೆಂಟರಿಗೆಲ್ಲ ಎಂಟು ತಲೆಮಾರು ಕೇಳಿಸಬೇಕು ಅಂದದ್ದರಿಂದ ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟು, ದೀಪಾವಳಿ ಕಳೆದು ಬಂದು ಒಯ್ಯುವೆನೆಂದು ಬಸ್ಸು ಹತ್ತಿದರು.

ದೀಪಾವಳಿಗೆ ಮೊದಲೇ ಅಟ್ಟದ ಕೊಬ್ಬರಿ ಅರ್ಧಕ್ಕರ್ಧ ಮಾಯವಾಯಿತು. ಅದೇ ವಾರ ಯಜಮಾನರ ಕಿರಿಮಗ ಹೊಸ ರಾಜದೂತ್ ಬೈಕು ತಂದ. ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದವರನ್ನು ಅವನು ಬೈಕಿನಲ್ಲಿ ಕೂರಿಸಿಕೊಂಡು ತಿಪಟೂರಿಗೆ ಹೋಗಿ ದೋಸೆ ತಿನ್ನಿಸಿದ.

ದುರ್ಗಯ್ಯನನ್ನು ಠಾಣೆಗೆ ಎಳೆದೊಯ್ದರು.

ಪುಟ್ಟಗಂಗಮ್ಮ ಓಡಿಹೋದಾಗ ಯಜಮಾನರು ಕುರ್ಚಿಯಲ್ಲಿ ಕುಳಿತಿದ್ದರು. ಮೇಜಿನ ಮೇಲೆ ಸಬ್ ಇನ್ಸ್‌ಪೆಕ್ಟರರ ಸ್ವಂತ ಟೇಪ್ ರೆಕಾರ್ಡರ್ ಇತ್ತು, ಅದರೊಳಗೆ ಯಜಮಾನರು ತಂದುಕೊಟ್ಟ ಅದೇ ಕ್ಯಾಸೆಟ್. ಸರಳಿನ ಹಿಂದೆ ದುರ್ಗಯ್ಯ ಗೋಡೆಗೊರಗಿದ್ದ. ಅವನ ಎಡಗಿವಿಯಿಂದ ರಕ್ತ ಇಳಿದು ಕತ್ತಿನಲ್ಲಿ ಒಣಗಿತ್ತು.

ಮಾತು ಬಿಡಿಸಿ ಹೇಳಲು ಗಿಡ್ಡಯ್ಯನನ್ನು ಕರೆಸಿದ್ದರು. ಠಾಣೆಯ ಕಸ ಹೊಡೆಯುವ ಅವನೂ ಬುಟ್ಟಿಯವರ ಪೈಕಿಯೇ. ಆದರೆ ಚಿಕ್ಕನಾಯಕನಹಳ್ಳಿ ಸೀಮೆಯವನು.

"ಏನಂತಾನ್ಲಾ?" ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಗುಂಡಿ ಒತ್ತಿ ಕೇಳಿದರು.

ಗಿಡ್ಡಯ್ಯ ಕೈಕಟ್ಟಿಕೊಂಡು ಹೇಳಿದ: "ಯಜಮಾನ್ರ ಅಟ್ಟದಾಗಿನ ಬುಟ್ಟಿಯೆಲ್ಲ ಬಾಚ್ಕಂಡ್ ಬಂದೆ ಅಂತಾನೆ ಸ್ವಾಮಿ." ಅವನು ಸುಳ್ಳು ಹೇಳಲಿಲ್ಲ. ಅವನ ಕಿವಿಗೆ ಬಿದ್ದದ್ದು ಅದೇ.

"ಅದು ನಮ್ ಕಡೆ ಮಾತು ಸ್ವಾಮಿ!" ಪುಟ್ಟಗಂಗಮ್ಮ ಬಾಗಿಲಿನಿಂದಲೇ ಕೂಗಿದಳು. "ನನ್ ಗಂಡನ್ ಕಡೆ ಅಂಗಂದ್ರೆ ಬಾಯಿಗೆ ಕಟ್ಟು ಹಾಕಾದು!"

"ಬಾಯಿಗೆ ಕಟ್ಟು ಮೊದ್ಲು ನಿಂಗ್ ಹಾಕ್ಬೇಕು ಕಣೇ ಲೌಡಿ," ಅಂದರು ಸಾಹೇಬರು. "ಹಿಡಿಯಷ್ಟ್ ಗುಡಿಸಲಿಗೆ ಎರಡೆರಡು ಭಾಷೆಯೇನೇ ನಿಮ್ಗೆ?"

"ಮೊನ್ನೆವರ್ಗೂ ಒಂದೂ ಇರ್ಲಿಲ್ಲ ಸಾಹೇಬ್ರೆ," ಯಜಮಾನರು ಎಲೆಯಡಿಕೆ ಮಡಿಚುತ್ತ ಅಂದರು. "ಆ ಪ್ರೊಫೆಸರು ಬಂದು ಹಚ್ಚಿಕೊಟ್ಟ."

"ಗಿಡ್ಡಣ್ಣೋ, ನೀನಾರೂ ಹೇಳೋ..." ಎಂದು ಅವಳು ತಮ್ಮ ಮಾತಿನಲ್ಲಿ ಶುರುಮಾಡಿದಳು. ಕಾನ್‌ಸ್ಟೇಬಲ್ ಬೆಟ್ಟಸ್ವಾಮಿ ಲಾಠಿಯಿಂದ ಅವಳ ಮೊಣಕೈಗೆ ಬಿಟ್ಟ. "ಠಾಣೆಯೊಳಗೆ ಕಳ್ಳಮಾತು ಆಡಂಗಿಲ್ಲ."

ಅವಳು ಕನ್ನಡಕ್ಕೆ ಬಂದಳು. "ಇದನ್ನ ಹಿಡಿದಿದ್ದು ಯುಗಾದಿ ಮುಗಿದ ಮ್ಯಾಕೆ ಸ್ವಾಮಿ. ಕೊಬ್ರಿ ಹೋಗಿದ್ದು ಮೊನ್ನೆ. ಆವಾಗ್ಲೇ ಎಂಗ್ ಕದೀತಾನೆ?"

ಸಾಹೇಬರು ಕಾನ್‌ಸ್ಟೇಬಲ್ ಕಡೆ ತಿರುಗಿದರು. "ಅಂದ್ರೆ ಆವಾಗ್ಲೂ ಒಂದ್ಸಲ ಕದ್ದವ್ನೆ ಸೂಳೆಮಗ. ಬೆಟ್ಟಸ್ವಾಮಿ, ಎರಡು ಕಳ್ಳತನ ಅಂತ ಬರ್ಕೊ. ಕೋರ್ಟಿಗೆ ಈ ಕ್ಯಾಸೆಟ್ ಒಂದೇ ಸಾಕು, ಅವನ ಬಾಯಿಂದ್ಲೇ ಬಂದದ್ದು."

ಇನ್ನೊಮ್ಮೆ ಒತ್ತಿದರು. ಅಳ್ಳಿನೆ ಎಂದಿತು ಪೆಟ್ಟಿಗೆ. ಅದರ ಹಿಂದೆಯೇ ಪುಟ್ಟಗಂಗಮ್ಮನ ನಗು.

"ನೋಡಿ, ಹೆಂಗ್ ನಗ್ತಾಳೆ," ಅಂದರು ಯಜಮಾನರು, ಎದ್ದು ನಿಂತು.

ಸಾಹೇಬರು ಅವರನ್ನು ಗೇಟಿನವರೆಗೆ ಕಳಿಸಿಕೊಡಲು ಹೋದರು. ಹಿಂದೆಯೇ ಬೆಟ್ಟಸ್ವಾಮಿಯೂ ಹೋದ, ಕೊಬ್ಬರಿ ಮನೆಗೆ ಕಳಿಸುತ್ತೇನೆಂಬ ಮಾತು ಯಜಮಾನರ ಬಾಯಿಂದ ಬಂದರೆ ಕೇಳಿಸಿಕೊಳ್ಳಲು. ಒಳಗೆ ಕಾವಲಿಗೆ ಗಿಡ್ಡಯ್ಯನೊಬ್ಬ ಉಳಿದ.

ಯಾವ ಗುಂಡಿ ಒತ್ತಿದರೆ ಪೆಟ್ಟಿಗೆ ಬಾಯಿ ತೆರೆಯುತ್ತದೆಂದು ಪುಟ್ಟಗಂಗಮ್ಮ ಅಂಗಳದಲ್ಲಿ ನಿಂತು ನೋಡಿದ್ದಳು. ಮೇಜಿನ ಬಳಿ ಬಂದು ಒತ್ತಿದಳು. ಕ್ಯಾಸೆಟ್ಟಿನ ಹೊಟ್ಟೆಯಿಂದ ಕಂದು ಎಳೆಯನ್ನು ಎಳೆದಳು. ಅದು ಈಚಲ ಸೀಳಿಗಿಂತ ನಯವಾಗಿತ್ತು, ಎಳೆದಷ್ಟೂ ಬಂತು. ಮೇಜಿನ ಕೆಳಗೆ ಠಾಣೆಯ ಕಸದ ಬುಟ್ಟಿ ಬಾಯಿ ಬಿಚ್ಚಿಕೊಂಡು ಕೂತಿತ್ತು. ಅದನ್ನು ಎರಡು ಮೊಣಕಾಲ ನಡುವೆ ಇಟ್ಟುಕೊಂಡಳು. ಗಿಡ್ಡಯ್ಯ ಬಾಗಿಲ ಕಡೆ ನೋಡಿದ. ಕೂಗಲಿಲ್ಲ. ಪೊರಕೆ ಎತ್ತಿಕೊಂಡು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿದ.

ಸಾಹೇಬರು ಒಳಬಂದಾಗ ಅವಳು ಕೊನೆಯ ಸುತ್ತನ್ನು ಹಲ್ಲಿನಿಂದ ಬಿಗಿದು ಕಡಿಯುತ್ತಿದ್ದಳು. ಬುಟ್ಟಿಯ ಬಾಯಿ ಸುತ್ತ ಕಂದು ಕಟ್ಟು ಮಿರಮಿರ ಮಿಂಚುತ್ತಿತ್ತು.

ಬುಟ್ಟಿಯನ್ನು ಅವರ ಬೂಟಿನ ಮುಂದೆ ಇಟ್ಟಳು.

"ಇದು ಕಣ್ ಸ್ವಾಮಿ," ಅಂದಳು. ಮದುವೆಯಾಗಿ ಬಂದಂದಿನಿಂದ ನಕ್ಕೇ ತಳ್ಳಿದ್ದ ಗಂಡನ ಸೀಮೆಯ ಮಾತನ್ನು ಅವನ ರಾಗದಲ್ಲೇ ಆಡಿದಳು: "ಅಳ್ಳಿನೆ."

ಸರಳಿನ ಹಿಂದೆ ದುರ್ಗಯ್ಯ ಬಲಗಿವಿಯನ್ನು ಈಕಡೆ ತಿರುಗಿಸಿದ.

ಸಾಕ್ಷಿ ಇಲ್ಲವಾದ್ದರಿಂದ ಅವನನ್ನು ಬಿಡಬೇಕಾಯಿತು. ಸಾಕ್ಷಿ ಹಾಳುಮಾಡಿದ್ದಕ್ಕೆ ಅವಳನ್ನು ಒಳಗೆ ಹಾಕಿದರು; ಬೆಟ್ಟಸ್ವಾಮಿ ಲಾಠಿ ಎತ್ತಿಕೊಂಡು ಹಿಂದೆಯೇ ಹೋದ. ಪ್ರೊಫೆಸರು ದೀಪಾವಳಿ ಕಳೆದು ಬಂದು, ವಿಷಯ ಕೇಳಿ, ಜಗತ್ತಿಗೇ ದೊಡ್ಡ ನಷ್ಟವಾಯಿತೆಂದು ಜಗಲಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತರು.

ನಷ್ಟವಾದದ್ದು ಇಷ್ಟು: ಪ್ರೊಫೆಸರರ ಒಂದು ಕ್ಯಾಸೆಟ್, ಯಜಮಾನರ ಎಂಟು ತಲೆಮಾರು, ದುರ್ಗಯ್ಯನ ಎಡಗಿವಿ, ಪುಟ್ಟಗಂಗಮ್ಮನ ಬಲಗೈಯ ಎರಡು ಬೆರಳು.