ನಡುಸೇತುವೆಯಲ್ಲಿ ನಿಂತ ಬಸ್ಸು

"ನಿಧಾನ ಕಣ್ರಪ್ಪಾ, ಇಲ್ಲಿ ತಿರುವಿದೆ!" ಎಂದ ಕಂಡಕ್ಟರ್. ನಾಲ್ವರು ಡ್ರೈವರನ ಹೆಣ ಹೊತ್ತು ಇಕ್ಕಟ್ಟಿನ ಮೆಟ್ಟಿಲಿಳಿಯುತ್ತಿದ್ದರು. ಮೇಲೆ, ಬಾಗಿಲ ಚೌಕಟ್ಟು ಹಿಡಿದು ಅವನ ಹೆಂಡತಿ ನಿಂತಿದ್ದಳು.

ಕೆಳಗೆ ಡಿಪೋದ ಮೆಕ್ಯಾನಿಕ್ ಪಕ್ಕದವನ ಕಿವಿಯಲ್ಲಿ ಉಸುರಿದ: "ಕುಡಿದು ಬಸ್ ಓಡಿಸ್ತಿದ್ನಂತಲ್ಲ?"

ಕಂಡಕ್ಟರನಿಗೆ ಕೇಳಿಸಿತು. "ಬಾಯಿಗೆ ಬಂದಂಗೆ ಮಾತಾಡ್ಬೇಡ. ತೊಟ್ಟೂ ಮುಟ್ಟಿದೋನಲ್ಲ. ಕಣ್ಣು ಹೋಗಿತ್ತು ಕಣೋ, ಕಣ್ಣು!"

*

ಕಣ್ಣು ಹೋದ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಲಗಣ್ಣು ಮೊದಲೇ ಮಂಜಾಗಿದ್ದ ಡ್ರೈವರನಿಗೆ ಸೇತುವೆಯ ನಡುವೆ ಎಡಗಣ್ಣಲ್ಲೂ ನೀರಿಗೆ ಮಸಿ ಸುರಿದಂತೆ ಕಪ್ಪು ಹಬ್ಬಿತು. ಬ್ರೇಕ್ ಒತ್ತಿದ. ಕೀಲಿ ಕಿತ್ತು ಕಂಡಕ್ಟರನತ್ತ ಚಾಚಿದ.

"ಎಲ್ರನ್ನೂ ಇಳಿಸಪ್ಪ. ನಂಗೇನೂ ಕಾಣ್ತಿಲ್ಲ."

ಜನ ಕುಡುಕನೆಂದು ಉಗಿದರು. ಒಬ್ಬ ಕೊರಳಪಟ್ಟಿಗೇ ಕೈಹಾಕಿದ. ಬಸ್ಸು ಖಾಲಿಯಾದ ಮೇಲೂ ಅವನು ಸ್ಟೀರಿಂಗ್ ಬಿಡದೆ ಕೂತಿದ್ದ.

"ಸಕ್ಕರೆ ಕಾಯಿಲೆಯಿಂದ ರೆಟಿನಾದ ರಕ್ತನಾಳ ಒಡೆದಿವೆ," ಎಂದರು ಕಣ್ಣಿನ ಡಾಕ್ಟರು. "ಮೊದಲೇ ಬಂದಿದ್ರೆ ಲೇಸರ್ ಮಾಡಿ ಉಳಿಸ್ಕೋಬಹುದಿತ್ತು."

ಹೆಂಡತಿ ಗಂಡನ ಮುಖ ನೋಡಿದಳು. ಪರೀಕ್ಷೆಗೆ ಹೋಗೋಣ ಎಂದಾಗಲೆಲ್ಲ, "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಜಾರಿಕೊಳ್ಳುತ್ತಿದ್ದವನು ಆಸ್ಪತ್ರೆಯ ಬೆಂಚಿನ ಮೇಲೆ ಬಾಯಿಬಿಟ್ಟ.

"ಗೊತ್ತಾದ್ರೆ ಬಸ್ ಕಿತ್ಕೋತಾರೆ ಅಂತ ಹೆದ್ರಿದೆ ಕಣೇ."

ಕಣ್ಣಿಗೆ ಚುಚ್ಚುಮದ್ದಾಯಿತು, ಆಪರೇಷನ್ನೂ ಆಯಿತು. ಬೆಳಕು ಬರಲಿಲ್ಲ. ಬೆಳಿಗ್ಗೆ ಎದ್ದವನೇ, "ಲೈಟ್ ಹಾಕೇ" ಎನ್ನುತ್ತಿದ್ದ. ಕಿಟಕಿ ತುಂಬ ಬಿಸಿಲು. ಹಗಲಾಗಿದೆ ಎನ್ನಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ.

"ಕರೆಂಟ್ ಹೋಗಿದೆ ಕಣ್ರೀ."

ಕೊನೆಗೆ ಮೂತ್ರಪಿಂಡವೂ ಕೈಕೊಟ್ಟಿತು. ಊದಿದ ಕೈಯಿಂದ ಅವಳ ಕೆನ್ನೆ ತಡವಿ ಅವನೇ ಅಂದ: "ಸುಳ್ಳು ಹೇಳಿ ಹೇಳಿ ಸಾಕಾಗಿರ್ಬೇಕು ನಿಂಗೆ."

*

ಎಲ್ಲ ಮುಗಿಸಿ ಬಂದವರಿಗೆ ಪಕ್ಕದ ಮನೆಯಾಕೆ ಟೀ ತಂದಳು. ಡ್ರೈವರನ ಮಗಳು ಲೋಟ ಪಕ್ಕಕ್ಕೆ ಸರಿಸಿದಳು. "ನಂಗೆ ಸಕ್ಕರೆ ಬೇಡ ಅಕ್ಕಾ."

ತಾಯಿ ತಲೆಯೆತ್ತಿದಳು. "ಯಾವಾಗಿಂದ?"

"ಅಯ್ಯೋ, ದಪ್ಪ ಆಗ್ತಿದ್ದೀನಿ ಅಂತ ಬಿಟ್ಟಿದ್ದೀನಿ ಅಷ್ಟೇ. ನಂಗೇನಾಗಿದೆ?"

ಮಗಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸೀರೆ ಬದಲಿಸಲೆಂದು ತಾಯಿಯೂ ಎದ್ದಳು. ಕೋಣೆಯ ಬಾಗಿಲಲ್ಲೇ ಕಾಲು ನಿಂತಿತು. ಮಗಳು ಗೋಡೆಯ ಕ್ಯಾಲೆಂಡರಿನೆದುರು ನಿಂತಿದ್ದಳು. ಅಂಗೈಯಿಂದ ಒಂದು ಕಣ್ಣು ಮುಚ್ಚಿ ನೋಡಿದಳು. ಕೈ ಬದಲಿಸಿ ಇನ್ನೊಂದನ್ನು ಮುಚ್ಚಿದಳು. ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ಇನ್ನೊಂದು, ಮೂಗು ಗೋಡೆಗೆ ತಾಗುವಷ್ಟು.